ನನ್ನ ಪ್ರಬಂಧದಲ್ಲಿ ಶಾಂತಾ ಇರಲಿಲ್ಲ

ತನ್ನ ಬಗ್ಗೆ ತಾನೇ ಬರೆದುಕೊಳ್ಳುವವನನ್ನು ಪೂರ್ತಿ ನಂಬಬಾರದು ಎಂದು ನನಗೆ ನಲವತ್ತೇಳನೆಯ ವಯಸ್ಸಿನಲ್ಲಿ ತಿಳಿಯಿತು. ತಿಳಿಸಿದವಳು ಹೆಂಡತಿ ಶಾಂತಾ. ನನಗೆ ತಿಳಿಯಬೇಕಾದ ಬಹುಪಾಲು ಸಂಗತಿಗಳನ್ನು ಅವಳೇ ತಿಳಿಸುತ್ತಾಳೆ; ನಾನು ಕೇಳಿಸಿಕೊಳ್ಳುವುದು ತಡವಾಗಿ.

ಮಸ್ಕತ್ತಿನ ನಮ್ಮ ಕಂಪನಿ ನನ್ನನ್ನು ಕೆಲಸಗಾರರ ತರಬೇತಿ ವಿಭಾಗಕ್ಕೆ ಹಾಕಿದ ಮೇಲೆ, ಊರ ಕಡೆಯ ವಿಶ್ವವಿದ್ಯಾಲಯವೊಂದರಲ್ಲಿ ಅಂಚೆಯ ಮೂಲಕ ವಯಸ್ಕರ ಶಿಕ್ಷಣದ ಡಿಪ್ಲೊಮಾಕ್ಕೆ ಸೇರಿದ್ದೆ. ಕೊನೆಗೊಂದು ಸಂಶೋಧನಾ ಪ್ರಬಂಧ: ವಯಸ್ಸಾದ ಮೇಲೆ ಕಲಿಯುವವನು ತಾನು ಯಾರು, ಎಲ್ಲಿಯವನು ಎಂಬುದನ್ನು ತನ್ನ ಬದುಕಿನ ಕಥೆಯಿಂದಲೇ ಹೇಳಬೇಕು. ನನಗೆ ನನಗಿಂತ ಪ್ರಿಯವಾದ ವಿಷಯ ಇನ್ನಾವುದು? ಬೌಷರ್ ಬಡಾವಣೆಯ ನಮ್ಮ ಫ್ಲಾಟಿನ ಊಟದ ಮೇಜನ್ನು ಎರಡು ತಿಂಗಳು ಆಕ್ರಮಿಸಿ ನಲವತ್ತು ಪುಟ ಬರೆದೆ. ಹೆಂಡತಿ, ಮಗಳು ನೆಲದ ಮೇಲೆ ಕೂತು ಉಂಡರು. ಊರು ಬಿಟ್ಟ ಸಂಕಟ, ವೀಸಾ ಕೊಡಿಸಿದ ಅರಬ್ ಧಣಿ ಕಫೀಲನ ಗದರಿಕೆ, ಅರಬ್ಬಿ ಬಾರದೆ ಪಟ್ಟ ಅವಮಾನ, ಇವನ್ನೆಲ್ಲ ಓದಿ ನಾನೇ ಎರಡು ಸಲ ಕಣ್ಣೊರೆಸಿಕೊಂಡೆ.

ಶುಕ್ರವಾರ ರಜೆಯಿತ್ತು. ಶಾಂತಾಳಿಗೆ ಓದಲು ಕೊಟ್ಟು, ಅವಳ ಕಣ್ಣೀರಿಗಾಗಿ ಕಾಯುತ್ತ ಎದುರಿಗೇ ಕೂತೆ. ಕೊನೆಯ ಹಾಳೆ ಮಗುಚಿ, "ಚಲೋ ಬರದೀರಿ. ಆದ್ರ ಇದರಾಗ ನಾ ಎಲ್ಲಿ ಅದೀನ್ರಿ?" ಎಂದಳು.

"ಹದಿನೆಂಟನೇ ಪುಟದಾಗ ಅದಿಯಲ್ಲ! 'ಕುಟುಂಬವೂ ಬಂದು ಸೇರಿತು' ಅಂತ ಬರದೀನಿ."

"ಹೌದೌದು. ಕುಟುಂಬ," ಎಂದು ಎದ್ದು ಹೋಗಿ ರೊಟ್ಟಿಗೆ ಹಿಟ್ಟು ನಾದತೊಡಗಿದಳು. ಜಗಳವಾಡಿದ್ದರೆ ಹೇಗೋ ನಿಭಾಯಿಸುತ್ತಿದ್ದೆ.

ವಿಜಾಪುರದಲ್ಲಿ ಅವಳು ಶಾಲೆಯಲ್ಲಿ ಕಲಿಸುತ್ತಿದ್ದಳು. ನೌಕರಿ ಬಿಡಿಸಿ ಕರೆತಂದವನು ನಾನು. ಇಲ್ಲಿ ಮತ್ತೆ ಕಲಿಸಬೇಕಾದರೆ ಬಿ.ಎಡ್. ಮಾಡಿಕೊಳ್ಳುತ್ತೇನೆಂದಾಗ, "ಈ ವಯಸ್ಸಿನಾಗ ಏನ್ ಕಲೀತಿ?" ಎಂದವನೂ ನಾನೇ. ಆಗ ಅವಳಿಗೆ ಮೂವತ್ತೊಂದು.

ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅದನ್ನೂ ಬರೀಲೇನು?" ಎಂದು ಕೇಳಿದೆ.

"ಬರೀರಿ. ವಯಸ್ಕರ ಶಿಕ್ಷಣ ಅಲ್ಲೇನು?" ಎಂದಳು, ತಿರುಗದೆ.

ಬರೆದೆ. ಎರಡು ಪುಟವಾಯಿತು. ಪರೀಕ್ಷಕರು ನನ್ನ ಬಗ್ಗೆ ಏನೆಂದುಕೊಂಡಾರೋ ಎನಿಸಿ, ಕಳಿಸುವ ಮುನ್ನ ಆ ಎರಡೂ ಪುಟ ತೆಗೆದು ಕಸದ ಬುಟ್ಟಿಗೆ ಹಾಕಿಬಿಟ್ಟೆ. ಮನೆಯ ಕಸ ಚೆಲ್ಲುವವಳು ಶಾಂತಾ.

ಮೂರು ತಿಂಗಳಾದ ಮೇಲೆ ಫಲಿತಾಂಶ ಬಂತು. ಪ್ರಥಮ ದರ್ಜೆ. ಶಾಂತಾಳೇ ಲಕೋಟೆ ಒಡೆದು, ಪರೀಕ್ಷಕರ ಷರಾ ಗಟ್ಟಿಯಾಗಿ ಓದಿದಳು: "ಲೇಖಕರು ಏನನ್ನೂ ಮುಚ್ಚಿಟ್ಟಿಲ್ಲ." ಕಾಗದ ಮಡಚಿ ನನ್ನ ಕೈಗಿಟ್ಟು, "ಪರೀಕ್ಷಕರು ಗಂಡಸರೇ ಇರಬೇಕು ನೋಡ್ರಿ," ಎಂದಳು.

ಬಿಚ್ಚಿ ನೋಡಿದೆ. ಕೆಳಗಿದ್ದ ಸಹಿ ಹೆಂಗಸಿನದು. ಅವರನ್ನೂ ನಂಬಿಸುವಷ್ಟು ಚೆನ್ನಾಗಿ ಬರೆದಿದ್ದೆನಲ್ಲ ಎಂದು, ಅಷ್ಟು ನಾಚಿಕೆಯ ನಡುವೆಯೂ ನನಗೆ ತುಸು ಹೆಮ್ಮೆಯಾಯಿತು.