ಗ್ಯಾಸ್ ತೆಗೆದ ಸೋಡಾ ಕೇಕು

ಹೊಟ್ಟೆಯ ಆಪರೇಷನ್ ಆಗಿ ಹಾಸನದ ಆಸ್ಪತ್ರೆಯಲ್ಲಿ ನಾನು ಮಲಗಿದ್ದಷ್ಟು ದಿನವೂ ನನ್ನ ಹೆಂಡತಿ ಸುಶೀಲಾ ಹೊಳೆನರಸೀಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಗಂಜಿ ಕುಡಿಸಿದಳು. ಇದಕ್ಕೆ ಒಂದು ಥ್ಯಾಂಕ್ಸ್ ಹೇಳಬೇಕು. ಆದರೆ ಹೆಂಡತಿಗೆ ಥ್ಯಾಂಕ್ಸ್ ಹೇಳುವ ಸಂಪ್ರದಾಯ ನಮ್ಮ ವಂಶದಲ್ಲೇ ಇಲ್ಲ! ನಮ್ಮಪ್ಪ ಬಹಳ ಸಂತೋಷವಾದಾಗ "ಸಾರು ಪರವಾಗಿಲ್ಲ" ಎನ್ನುತ್ತಿದ್ದರು. ಅಮ್ಮ ಅದನ್ನೇ ತಿಂಗಳುಗಟ್ಟಲೆ ನೆನೆಯುತ್ತಿದ್ದಳು.

ಆದ್ದರಿಂದ ಬಾಯಲ್ಲಿ ಬಾರದ್ದನ್ನು ಅವಳ ಹುಟ್ಟುಹಬ್ಬದಂದು ಕೇಕಿನ ಮೂಲಕ ಹೇಳುವುದೆಂದು ತೀರ್ಮಾನಿಸಿದೆ. ಅಂದು ಅವಳು ಅರಕಲಗೂಡಿಗೆ ಗೃಹಪ್ರವೇಶಕ್ಕೆ ಹೋಗಿದ್ದಳು. ಸಂಜೆ ಬಸ್ಸಿಗೆ ವಾಪಸ್ಸು. ಮೊಬೈಲಿನ ವಿಡಿಯೋದಲ್ಲಿ ಒಬ್ಬಾಕೆ ಬೆಣ್ಣೆ, ಸಕ್ಕರೆ, ಮೈದಾ ಕಲಸಿ, ನಿಂಬೆ ಸಿಪ್ಪೆ ತುರಿದು ಹಾಕಿ, ಕೊನೆಗೆ ಬಾಟಲಿ ನಿಂಬೆ ಸೋಡಾ ಸುರಿದಳು. ಇಷ್ಟೇನಾ! ಆಕೆ ಇನ್ನೂ ಏನೋ ಹೇಳುತ್ತಿದ್ದಳು. ನಾನಾಗಲೇ ಸೊಂಟಕ್ಕೆ ಟವೆಲ್ ಬಿಗಿದಿದ್ದೆ.

ಮನೆಯಲ್ಲಿ ನಿಂಬೆಹಣ್ಣೇ ಇಲ್ಲ. ಪಕ್ಕದ ಮನೆಯ ಪುಟ್ಟತಾಯಮ್ಮನನ್ನು ಕೇಳಿದೆ.

"ನಿಂಬೆಣ್ಣು ಇಲ್ಲ ಸಾ. ಅಳ್ಳಿಮೈಸೂರಿಂದ ನಮ್ಮಣ್ಣ ಹೇರಳೇಕಾಯಿ ತಂದವ್ನೆ, ತಕಳಿ. ಚಿತ್ರಾನ್ನಕ್ಕಾ?"

"ಕೇಕಿಗೆ."

"ನೀವಾ? ಅಮ್ಮಾವ್ರಿಗೆ ಗೊತ್ತಾ?" ಎಂದವಳು, ನನ್ನ ಟವೆಲ್ ನೋಡಿ, "ದೇವ್ರೇ ಕಾಪಾಡ್ಬೇಕು ಕಣ್ ಬುಡಿ!" ಎಂದಳು.

ಹೇರಳೇಕಾಯಿಯೂ ನಿಂಬೆಯ ದೊಡ್ಡಪ್ಪನೇ ಎಂದು ಧೈರ್ಯ ತಂದುಕೊಂಡು ಸಿಪ್ಪೆಯನ್ನು ತಿರುಳಿನವರೆಗೂ ತುರಿದೆ. ಸೋಡಾ ಬಾಟಲಿಯ ಮುಚ್ಚಳ ತಿರುಗಿಸಿದೆ. ಭುಸ್!

ಆ ಶಬ್ದಕ್ಕೆ ನನ್ನ ಹೊಟ್ಟೆಯ ಹೊಲಿಗೆಗಳೆಲ್ಲ ಎದ್ದು ಕೂತವು. ಗ್ಯಾಸ್ ಆಗುವ ಪದಾರ್ಥ ಮುಟ್ಟಲೇಬೇಡಿ ಎಂದು ಡಾಕ್ಟರು ಹೇಳಿರಲಿಲ್ಲವೇ? ಹುಟ್ಟುಹಬ್ಬದ ದಿನವೇ ಅವಳು ನನ್ನನ್ನು ಮತ್ತೆ ಆಸ್ಪತ್ರೆಗೆ ಸೇರಿಸುವಂತಾದರೆ? ಚಿಂತೆ ಹತ್ತಿತು. ಉಪಾಯವೂ ಹೊಳೆಯಿತು. ಬಿಸಿ ಕಾಫಿ ಆರಿಸುವುದು ನಮಗೇನು ಹೊಸದೇ? ಸೋಡಾವನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ, ಮೊಳದೆತ್ತರದಿಂದ ಹೊಯ್ದೆ, ಹೊಯ್ದೆ. ಒಂದು ಗುಳ್ಳೆಯೂ ಉಳಿಯದಂತೆ ನಿರ್ಮೂಲ ಮಾಡಿದೆ! ತಣ್ಣಗೆ ಸತ್ತ ಆ ಸಿಹಿನೀರನ್ನು ಹಿಟ್ಟಿಗೆ ಸುರಿದು, ಕುಕ್ಕರಿನಲ್ಲಿ ಮರಳು ಹಾಸಿ, ಹಿಟ್ಟಿನ ಡಬರಿ ಇಟ್ಟು ಮುಚ್ಚಿದೆ. ಕುಕ್ಕರ್ ಸಿಡಿದೀತೆಂಬ ಭಯಕ್ಕೆ ಆಗಾಗ ಮುಚ್ಚಳ ತೆಗೆದು ಸಮಾಧಾನ ಪಟ್ಟುಕೊಂಡೆ.

ಕೇಕು ಉಬ್ಬಲಿಲ್ಲ. ತಗ್ಗಿತು!

ಮೊಬೈಲ್ ತೆಗೆದು ಆಕೆಯ ಉಳಿದ ಮಾತು ಕೇಳಿದೆ. "ಕೇಕನ್ನು ಉಬ್ಬಿಸುವುದೇ ಸೋಡಾದ ಗ್ಯಾಸ್. ತಕ್ಷಣ ಹಾಕಿ, ಗುಳ್ಳೆ ಹೋಗಬಾರದು."

ಪುಟ್ಟತಾಯಮ್ಮ ಬಂದು ಬೆರಳಲ್ಲಿ ಒತ್ತಿದಳು. ಒತ್ತಲಾಗಲಿಲ್ಲ. "ನಮ್ಮ ಅಸೂಗೆ ಹಾಕೋ ಹಿಂಡೀನೇ ಇದ್ಕಿಂತ ಮೆತ್ತಗದೆ ಸಾ!"

ಅಷ್ಟರಲ್ಲಿ ಸುಶೀಲಾ ಬಂದಳು. ಮರಳು ಮೆತ್ತಿದ ಒಲೆ, ಟವೆಲ್, ನಾನು, ಎಲ್ಲವನ್ನೂ ನೋಡಿದಳು.

"ರೀ, ಯಾರ್ ಹೇಳಿದ್ರು ನಿಮಗಿದನ್ನೆಲ್ಲ ಮಾಡಕ್ಕೆ?"

"ನಿನ್ನ ಹುಟ್ಟುಹಬ್ಬ…"

ಅವಳು ಈಳಿಗೆಮಣೆ ಎಳೆದುಕೊಂಡು, ಆ ಕಲ್ಲನ್ನು ತೆಳ್ಳಗೆ ಹೆಚ್ಚಿ, ಕಾವಲಿಯ ಮೇಲೆ ತುಪ್ಪ ಹಾಕಿ ಗರಿಗರಿ ಹುರಿದಳು. ಕಾಫಿಗೆ ಅದ್ದಿ ಕಚ್ಚಿ, "ಕಹಿ. ಆದ್ರೂ ಘಮ ಚೆನ್ನಾಗಿದೆ" ಎಂದಳು. ಪುಟ್ಟತಾಯಮ್ಮ ಎರಡು ಚೂರು ಸೆರಗಿಗೆ ಕಟ್ಟಿಕೊಂಡು ಹೊರಟಳು.

ಇದೇ ಸಮಯವೆಂದು ನಾನೂ ಒಂದು ಚೂರು ಬಾಯಿಗಿಟ್ಟು ಶುರು ಮಾಡಿದೆ. "ಸುಶೀಲಾ, ಆಸ್ಪತ್ರೇಲಿ ನೀನು ದಿನಾ…"

ಚೂರು ಗಂಟಲಿಗೆ ಸಿಕ್ಕಿಕೊಂಡಿತು! ಕಣ್ಣಲ್ಲಿ ನೀರು. ಅವಳು ಬೆನ್ನಿಗೆ ಗುದ್ದಿ ನೀರು ಕುಡಿಸಿದಳು. ಉಸಿರು ಬಂತು. ಉಸಿರಿನ ಜೊತೆಗೆ ವಂಶದಲ್ಲೇ ಇಲ್ಲದ ಆ ಮಾತೂ ಬಂತು.

"ಥ್ಯಾಂಕ್ಸ್."

"ನೀರ್ ಕೊಟ್ಟಿದ್ದಕ್ಕೆಲ್ಲ ಯಾಕ್ರೀ?"

"ನೀರಿಗಲ್ಲ."

ಅವಳು ನೀರಿನ ಲೋಟ ಕೆಳಗಿಟ್ಟಳು. "ಗೊತ್ತು" ಎಂದಳು. ಆಮೇಲೆ ಕೆಂಪಗಾದ ಮೂಗನ್ನು ಸೆರಗಿನಲ್ಲಿ ಒರೆಸಿಕೊಂಡು, "ಹೋಗಿ, ಕುಕ್ಕರ್, ಡಬರಿ ಎಲ್ಲ ಉಜ್ಜಿ."

ಉಜ್ಜುತ್ತಲೇ ಇದ್ದೇನೆ. ಗಂಟಲು ಹಿಡಿದ ಚೂರು ಬಿಟ್ಟಿತು, ಡಬರಿಯ ತಳ ಹಿಡಿದ ಕೇಕು ಮಾತ್ರ ಬಿಡುತ್ತಿಲ್ಲ!