ಮಾತಾಡಿಸಲು ಹೋದ ಮಾವ

ನಮ್ಮ ಸೋದರಮಾವ ಬಾಯಿ ಮುಚ್ಚಿ ಕೂತದ್ದನ್ನು ಕುಷ್ಟಗಿಯಲ್ಲಿ ಯಾರೂ ನೋಡಿಲ್ಲ. ಹಲ್ಲಿನ ಡಾಕ್ಟರಂತೂ ನೋಡಿಯೇ ಇಲ್ಲ. ಅವರ ಮುಂದೆ ಬಾಯಿ ತೆರೆಯಲೇಬೇಕಲ್ಲ! ಮುನಿರಾಬಾದಿನ ನೀರಾವರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದಾಗ, ಡ್ಯಾಮಿಗೆ ಗೇಟು ಹಾಕಿದವರು ಇವರ ಬಾಯಿಗೊಂದು ಯಾಕೆ ಹಾಕಲಿಲ್ಲ ಎಂದು ಜೊತೆಯವರು ಕೇಳುತ್ತಿದ್ದರಂತೆ. ಇಂಥ ಮಾವ ರಿಟೈರ್ ಆಗಿ ಊರಿಗೆ ಬಂದಮೇಲೆ ಒಂದು ದಿನ ಬೈಬಲ್ ಹಿಡಿದು ಕಟ್ಟೆಯ ಮೇಲೆ ಕೂತುಬಿಟ್ಟರು.

ಕಾರಣ ದೇವದಾನಪ್ಪ. ಆಫೀಸಿನಲ್ಲಿ ಮಾವನ ಪಕ್ಕದ ಟೇಬಲ್ಲಿನವರು, ಕ್ರೈಸ್ತರು, ಜೀವದ ಗೆಳೆಯರು, ಈಗಲೂ ಮುನಿರಾಬಾದಿನಲ್ಲೇ ಇರುವವರು. ಅವರ ಹೆಂಡತಿ, ಮಾವನ ಬಾಯಲ್ಲಿ 'ವೈನಿ', ತೀರಿಕೊಂಡರು. ನಮ್ಮ ಕಡೆ ಸಾವಾದ ಮನೆಗೆ ಹೋಗುವುದಕ್ಕೆ 'ಮಾತಾಡಿಸಿ ಬರೋದು' ಎನ್ನುತ್ತಾರೆ. ಮಾವನಿಗೆ ಮಾತಾಡಿಸುವುದನ್ನು ಹೇಳಿಕೊಡಬೇಕೆ? ಹೋದವರೇ ಗೆಳೆಯನ ಹೆಗಲ ಮೇಲೆ ಕೈಯಿಟ್ಟು, "ಹೋದ ಜನ್ಮದಾಗ ಏನ್ ಪಾಪ ಮಾಡಿದ್ಯೋ ಏನೋ ದೋಸ್ತ, ಉಣ್ಣಬೇಕು" ಎಂದುಬಿಟ್ಟರು.

ದೇವದಾನಪ್ಪ ಎದ್ದು ಒಳಗಿನಿಂದ ಕನ್ನಡ ಬೈಬಲ್ ತಂದು ಮಾವನ ಕೈಗಿಟ್ಟರು. "ನಿನ್ನಂಥಾ ದೋಸ್ತರು ಇದರಾಗ ಮೂರು ಮಂದಿ ಅದಾರ. ಓದಿ, ತಿಳೀತಂದ್ರ ಬಾ. ಅಲ್ಲೀತನಾ ಬರಬ್ಯಾಡ."

ಮಾವ ಇದನ್ನು ಹೊಗಳಿಕೆ ಎಂದುಕೊಂಡರು! "ನನ್ನಂಥವರು ಧರ್ಮಗ್ರಂಥದಾಗ ಅದಾರಂತ" ಎಂದು ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೂ ಸಾರಿಕೊಂಡು ಬಂದರು. ಆದರೆ ಎರಡು ಸಲ ಫೋನ್ ಮಾಡಿದರೂ ಗೆಳೆಯ ಎತ್ತದಿದ್ದಾಗ ಮುಖ ಸಣ್ಣದಾಯಿತು. ಆಮೇಲೆ ಶುರುವಾಯಿತು ನೋಡಿ ಓದು.

ನಮ್ಮೂರಲ್ಲಿ ಶ್ರಾವಣದ ಪುರಾಣವೆಂದರೆ ಒಬ್ಬರು ಓದಬೇಕು, ಒಬ್ಬರು ಅರ್ಥ ಹೇಳಬೇಕು, ಉಳಿದವರು ಹೂಂ ಅನ್ನಬೇಕು. ಮಾವ ಬೈಬಲ್ಲನ್ನೂ ಹಾಗೇ ಓದಿದರು. ಓದುವವರೂ ಅವರೇ, ಅರ್ಥ ಹೇಳುವವರೂ ಅವರೇ. ಹೂಂ ಅನ್ನಲು ಅತ್ತೆ, ನಾನು, ಎದುರು ಮನೆಯ ಟೇಲರ್ ಚಾಚಾ. ಮೂರು ಮಂದಿ ದೋಸ್ತರು ಯಾವ ಪುಟದಲ್ಲಿದ್ದಾರೆಂದು ಗೊತ್ತಿಲ್ಲದ್ದರಿಂದ ಸಿಕ್ಕಲ್ಲಿ ಓದು.

ಮೊದಲು ಸಿಕ್ಕಿದ್ದು ಬುದ್ಧಿಮಾತುಗಳು. ಒಂದು ಸಾಲಿನಲ್ಲಿ ಮೂರ್ಖನಿಗೆ ಉತ್ತರ ಕೊಡಬೇಡ ಎಂದಿದೆ. ಅದರ ಕೆಳಗಿನ ಸಾಲಿನಲ್ಲೇ ಕೊಡು ಎಂದಿದೆ. ಮಾವ ಕನ್ನಡಕ ಒರೆಸಿ ಮತ್ತೆ ಓದಿದರು. ಎರಡೂ ಹಾಗೇ ಇದ್ದವು.

"ಕೊಡಬೇಕೋ, ಬ್ಯಾಡೋ?" ಎಂದು ಅತ್ತೆಯನ್ನೇ ಕೇಳಿದರು.

"ನಿಮಗ ನಾ ಈ ನಲವತ್ತು ವರ್ಷ ಎರಡೂ ಮಾಡಿ ನೋಡೀನ್ರಿ" ಎಂದರು ಅತ್ತೆ, ಅಕ್ಕಿ ಆರಿಸುತ್ತ.

ಆಮೇಲೆ ಸಿಕ್ಕವನು ಎಲ್ಲವೂ ಗಾಳಿ, ಎಲ್ಲವೂ ದಂಡ ಎನ್ನುವ ಒಬ್ಬ ಜ್ಞಾನಿ. ಮಾವನಿಗೆ ವೈರಾಗ್ಯ ಹಿಡಿಯಿತು. ದುಡಿಮೆ ದಂಡ, ಗಳಿಕೆ ದಂಡ ಎಂದು ಎರಡು ದಿನ ಕಟ್ಟೆಯ ಮೇಲೆ ಪ್ರವಚನ. ಮೂರನೆಯ ದಿನ ಅತ್ತೆ ಒಲೆಯನ್ನೇ ಹಚ್ಚಲಿಲ್ಲ. "ಎಲ್ಲಾ ದಂಡ ಅಂದ್ಮ್ಯಾಲ ರೊಟ್ಟಿ ಬಡಿಯೋದೂ ದಂಡ ಅಲ್ಲೇನ್ರಿ?" ಮಾವ ಗಡಬಡಿಸಿ ಪುಟ ತಿರುವಿದರು. "ಇಲ್ಲ ಇಲ್ಲ, ಉಂಡು ಆರಾಮ ಇರಬೇಕಂತನೂ ಹೇಳ್ಯಾನ. ಇಲ್ಲಿ ಐತಿ ನೋಡು." ಆ ಜ್ಞಾನಿಗೆ ಬದುಕು ಬೇಕಾಗಿತ್ತೋ ಬೇಡವಾಗಿತ್ತೋ, ನನಗಂತೂ ಇವತ್ತಿಗೂ ತಿಳಿದಿಲ್ಲ. ರೊಟ್ಟಿ ಮಾತ್ರ ಆಯಿತು.

ಕೊನೆಗೆ ದೋಸ್ತರು ಸಿಕ್ಕರು. ಒಬ್ಬ ಒಳ್ಳೆಯ ಮನುಷ್ಯ. ಮಕ್ಕಳು, ದನಕರ, ಮೈಯ ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತಿದ್ದಾನೆ. "ಅರೇ, ಇದು ನಮ್ಮ ಅಯ್ಯೂಬ್ ಪೈಗಂಬರರ ಕಥಿ ಅಲ್ರಿ" ಎಂದು ಚಾಚಾ ಹೊಲಿಯುವುದು ಬಿಟ್ಟು ಬಂದು ಕೂತರು. ಅವನನ್ನು ಮಾತಾಡಿಸಲು ಮೂವರು ಗೆಳೆಯರು ಬರುತ್ತಾರೆ. ತಪ್ಪು ಮಾಡದವನಿಗೆ ದೇವರು ಸುಮ್ಮನೆ ಕಷ್ಟ ಕೊಡುತ್ತಾನೆಯೇ, ನೀನೇ ಏನೋ ಮಾಡಿರಬೇಕು ಎನ್ನುತ್ತಾರೆ. ಮಾವನಿಗೆ ಭಾರಿ ಖುಷಿ! ಅವರ ಮಾತುಗಳನ್ನೆಲ್ಲ ಎದೆಯುಬ್ಬಿಸಿ ಓದಿದರು. ಕಥೆಯ ಕೊನೆಯಲ್ಲಿ ದೇವರು ಸಿಟ್ಟಾದದ್ದು ಆ ಮೂವರ ಮೇಲೆಯೇ.

"ಇಷ್ಟು ಛಲೋ ಮಾತಾಡಿದವರ ಮ್ಯಾಲೆ ಯಾಕ ಸಿಟ್ಟು?" ಮಾವನಿಗೆ ತಲೆ ಕೆಟ್ಟಿತು. ಮತ್ತೆ ಮೊದಲಿನಿಂದ ಓದಿದರು. ಆಗ ಕಣ್ಣಿಗೆ ಬಿತ್ತು: ಬಾಯಿ ಬಿಡುವ ಮುಂಚೆ ಆ ಮೂವರೂ ಗೆಳೆಯನ ಪಕ್ಕ ನೆಲದ ಮೇಲೆ ಒಂದು ವಾರ ಸುಮ್ಮನೆ ಕೂತಿದ್ದರು. ಮಾವ ಪುಸ್ತಕ ಮುಚ್ಚಿದರು. "ನಾ ಒಂದು ತಾಸರ ಸುಮ್ಮನ ಕುಂದ್ರಬೇಕಿತ್ತವ್ವ" ಎಂದರು ನನಗೆ. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

ಮರುದಿನ ಹೊಸಪೇಟೆ ಬಸ್ಸಿನಲ್ಲಿ ಮುನಿರಾಬಾದಿಗೆ ಹೊರಟೆವು, ಒಂದು ಚೀಲ ದಾಳಿಂಬೆ ಹಿಡಿದುಕೊಂಡು. ಮಾವ ಬಸ್ಸಿನಲ್ಲೇ ಮೌನದ ರೂಢಿ ಶುರುಮಾಡಿದರು. ಕಂಡಕ್ಟರ್ ಎಲ್ಲಿಗೆಂದು ಕೇಳಿದರೆ ಉತ್ತರವೇ ಇಲ್ಲ. "ಯಜಮಾನ್ರಿಗೆ ಕಿವಿ ಕೇಳ್ಸೂದಿಲ್ಲೇನವ್ವ?" ಎಂದು ಆತ ಮರುಗಿದ. ಮಾವನ ಮುಖ ಕೆಂಪಾಯಿತು, ಆದರೂ ತುಟಿ ಬಿಚ್ಚಲಿಲ್ಲ.

ದೇವದಾನಪ್ಪ ಬಾಗಿಲು ತೆರೆದರು. ಕುರ್ಚಿ ತೋರಿಸಿದರೂ ಮಾವ ನೆಲದ ಮೇಲೆಯೇ ಕೂತರು. ಅವರೂ ಎದುರಿಗೆ ಕೂತರು. ಗೋಡೆ ಗಡಿಯಾರದ್ದೊಂದೇ ಸದ್ದು. ಎಷ್ಟೋ ಹೊತ್ತಾದ ಮೇಲೆ ಅವರೇ ಎದ್ದು ಚಹಾ ಮಾಡಿ ತಂದರು. ಮಾವ ಸುಮ್ಮನೆ ಕುಡಿದರು.

"ಓದೀದಿ ಅಂತ ತಿಳೀತು" ಎಂದರು ದೇವದಾನಪ್ಪ. "ಸಾಕು, ಇನ್ನ ಮಾತಾಡೋ. ಈ ಮನ್ಯಾಗ ದಿನಾ ನಾನೊಬ್ಬನ ಸುಮ್ಮನ ಕುಂದ್ರತೀನಿ. ನೀನೂ ಬಂದು ಸುಮ್ಮನ ಕುಂತರ ಹೆಂಗೋ?"

ಮಾವ ಕಕ್ಕಾಬಿಕ್ಕಿಯಾಗಿ ನನ್ನತ್ತ ನೋಡಿದರು. ಮಾತಾಡಬೇಕೋ, ಬೇಡವೋ? ಚಹಾ ಲೋಟ ನೋಡಿದರು. "ವೈನಿ ಮಾಡೋ ಚಹಾ ಪಾಯಸ ಆಗಿರ್ತಿತ್ತು. ಇದರಾಗ ಸಕ್ರೀನ ಇಲ್ಲ" ಎಂದರು.

ಮುಗಿಯಿತು ಕಥೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ದೇವದಾನಪ್ಪ ನಗುತ್ತಿದ್ದರು. "ನಮಗ್ಯಾರಿಗೂ ಹಂಗ ಮಾಡ್ತಿರಲಿಲ್ಲೋ. ಕುಡಿಯೋತನಕರ ನಿನ್ನ ಬಾಯಿ ಮುಚ್ಚಿರ್ಲಿ ಅಂತ ನಿನಗಷ್ಟ ಸುರೀತಿದ್ಳು." ನಗುತ್ತಲೇ ಅವರಿಗೆ ಅಳು ಬಂತು. ನನಗೂ ಬಂತು.

ಮಾವ ಎರಡೂ ಲೋಟ ಹಿಡಿದು ಅಡುಗೆಮನೆಗೆ ಹೋದರು. ಡಬ್ಬಿಗಳನ್ನು ಸರಿಸುವ ಸದ್ದಾಯಿತು.

"ಸಕ್ರಿ ಡಬ್ಬಿ ಎಲ್ಲೈತೋ ದೋಸ್ತ?"

"ಆಕಿ ಎಲ್ಲಿ ಇಟ್ಟಿದ್ಳೋ ಅಲ್ಲೇ ಐತಿ" ಎಂದು ದೇವದಾನಪ್ಪ ಕಣ್ಣೊರೆಸಿಕೊಂಡು ಒಳಗೆ ಹೋದರು.