ಕುಡಿಯಬಾರದ ಕಾಫಿ

ಎಲ್ಲಾ ಶುರುವಾದದ್ದು ಕಡತಗಳ ಎತ್ತರದಿಂದ. ಗವರ್ನರ್ ಬರುತ್ತಾರೆಂದು ಇರ್ಬಿದ್ ಊರಿನ ಆ ದಾಖಲೆ ಕಚೇರಿಯ ದೊಡ್ಡ ಸಾಹೇಬರು ಅಬೂ ಘಾಲಿಬ್, ಕಪಾಟಿನ ಕಡತಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಬೇಕೆಂದು ಅಪ್ಪಣೆ ಕೊಟ್ಟರು. ಗಿಡ್ಡದ್ದು ಮುಂದೆ, ಉದ್ದದ್ದು ಹಿಂದೆ, ಶಾಲೆ ಮಕ್ಕಳನ್ನು ಫೋಟೋಕ್ಕೆ ನಿಲ್ಲಿಸಿದ ಹಾಗೆ.

"ಹಾಗೆ ಜೋಡಿಸಿದ್ರೆ ಪ್ರಳಯ ಆದ್ರೂ ಒಂದು ಕಡತ ಸಿಗಲ್ಲ, ಸಾಹೇಬ್ರೇ," ಎಂದುಬಿಟ್ಟ ಗುಮಾಸ್ತ ಸುಫ್ಯಾನ್. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸಾಹೇಬರು ಕೆಂಡವಾದರು. "ನಂಗೇ ಪಾಠ ಹೇಳ್ತೀಯೇನೋ? ನಾಳೆ ಬೆಳಿಗ್ಗೆ ನಿನ್ನ ವರ್ಗದ ಕಾಗದಕ್ಕೆ ಸಹಿ ಹಾಕ್ತೀನಿ. ತಫೀಲಾಕ್ಕೆ! ಹೋಗಿ ಆ ಬೆಟ್ಟದ ಚಳೀಲಿ ನಡುಗ್ತಾ ಬಿದ್ದಿರು!"

ಸುಫ್ಯಾನನ ಎದೆ ಧಸಕ್ಕೆಂದಿತು. ಭಯದಿಂದಲ್ಲ. ತಫೀಲಾ ಅವನ ಹೆಂಡತಿ, ಮಗಳು ಇರುವ ಊರು. ನಾಲ್ಕು ವರ್ಷದಿಂದ ಗುರುವಾರ ಸಂಜೆ ಬಸ್ಸು ಹತ್ತಿ ಹೋಗುವುದು, ಶನಿವಾರ ಬಸ್ಸು ಹತ್ತಿ ಬರುವುದು. ಮೂರು ವರ್ಷದ ಮಗಳು ಅವನನ್ನು ಕಂಡರೆ ಅಜ್ಜಿಯ ಬೆನ್ನ ಹಿಂದೆ ಅಡಗುತ್ತಿದ್ದಳು. ಅದನ್ನು ನೆನೆದಾಗಲೆಲ್ಲ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಮೂರು ಸಲ ವರ್ಗ ಕೇಳಿದ್ದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಜಾತಿಯ ಸಾಹೇಬರು ಮೂರು ಸಲವೂ ಅರ್ಜಿ ಹರಿದು ಬುಟ್ಟಿಗೆ ಹಾಕಿದ್ದರು. ಆಮೇಲೆ ಬುದ್ಧಿ ಕಲಿತು ಸುಫ್ಯಾನ್, ತಫೀಲಾ ಎಂದರೆ ತನಗೆ ಮೈಯುರಿ, ಅಲ್ಲಿ ಅತ್ತೆಯ ಕಾಟ, ಇರ್ಬಿದ್ದೇ ಸ್ವರ್ಗ ಎಂದು ಕಚೇರಿಯಲ್ಲೆಲ್ಲ ಸಾರಿಕೊಂಡು ತಿರುಗುತ್ತಿದ್ದ. ಇವತ್ತು ಆ ಬಿತ್ತನೆ ಫಲ ಕೊಟ್ಟಿತ್ತು. ನಾಳೆ ಬೆಳಿಗ್ಗೆವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಅನುಮಾನ ಬರಬಾರದೆಂದು ಮುಖವನ್ನು ಹೆಣದ ಮನೆಯವರ ಹಾಗೆ ಮಾಡಿಕೊಂಡು ಹೊರಗೆ ಬಂದ. ಅದೇ ಅತಿಯಾಯಿತು.

"ಅಯ್ಯೋ ನನ್ನಪ್ಪಾ, ಈ ಮುಖ ನೋಡಕ್ಕಾಗಲ್ಲ!" ಎಂದು ದೂರು ವಿಭಾಗದ ಹಾಜಮ್ಮ ಇನ್‌ಶಿರಾಹ್ ಎದೆ ಹಿಡಿದುಕೊಂಡರು. "ಹೋಗಿ ಅವರ ನೆತ್ತಿಗೆ ಮುತ್ತಿಟ್ಟು ಕ್ಷಮೆ ಕೇಳು ಮಗನೇ."

"ಮುತ್ತಿಗೆಲ್ಲ ಬಗ್ಗೋ ಆಸಾಮಿಯಲ್ಲ ಅದು," ಎಂದ ಹಿರಿಯ ಟೈಪಿಸ್ಟ್ ಅಬೂ ಸನದ್. "ನಮ್ಮ ದೊಡ್ಡಪ್ಪ ಶೇಖ್ ದೀಬ್ ಇದಾರಲ್ಲ, ಕೊಲೆ ಆದ ಮನೇಲೇ ರಾಜಿ ಮಾಡಿಸಿದೋರು. ಸಂಜೆ ಹಿರಿಯರನ್ನ ಕಟ್ಕೊಂಡು ಸಾಹೇಬ್ರ ಮನೆಗೇ ಹೋಗಿಬಿಡೋಣ!"

"ಬೇಡ ಮಾರಾಯಾ! ಹಣೇಲಿ ಬರ್ದಿದ್ದು ಆಗ್ಲಿ, ಬಿಡು."

"ನೀನು ಸುಮ್ನಿರು. ನಿನಗಿಲ್ದೇ ಇದ್ರೂ ನಿನ್ನ ಮಾನ ನಮಗೆ ಮುಖ್ಯ."

ನಿಜ ಹೇಳೋಣವೆಂದರೆ, ಅಬೂ ಸನದನಿಗೆ ಹತ್ತು ಗಂಟೆಗೆ ಹೇಳಿದ ಗುಟ್ಟು ಹತ್ತೂಕಾಲಿಗೆ ಸಾಹೇಬರ ಮೇಜಿನ ಮೇಲಿರುತ್ತಿತ್ತು. ಬಿಸಿ ತುಪ್ಪ ಬಾಯಿಗೆ ಬಿದ್ದವನ ಹಾಗೆ ಸುಫ್ಯಾನ್ ಸಂಜೆಯವರೆಗೆ ಒದ್ದಾಡಿದ.

ಕಾರಿನಲ್ಲಿ ಶೇಖ್ ದೀಬ್ ಎಚ್ಚರಿಸಿದರು: "ಕಾಫಿ ತಂದಿಡ್ತಾರೆ. ಮುಟ್ಟಬೇಡ. ಅವರು ನಡೆಸಿಕೊಡ್ತೀನಿ ಅಂತ ಮಾತು ಕೊಡಬೇಕು, ನಾನು ಕುಡೀಬೇಕು, ಆಮೇಲೆ ನೀನು. ಅದಕ್ಕೆ ಮುಂಚೆ ಕುಡಿದ್ರೆ ಅವರ ಮನೆಗೇ ಅವಮಾನ ಮಾಡಿದ ಹಾಗೆ."

ಕಾಫಿ ಬಂತು. ಹನ್ನೆರಡು ಜನರ ಮುಂದೆ ಹನ್ನೆರಡು ಪುಟ್ಟ ಬಟ್ಟಲು. ಯಾರೂ ಮುಟ್ಟಲಿಲ್ಲ. ಶೇಖರು ಕೇಳುವುದನ್ನು ಕೇಳಿದರು.

"ನನ್ನ ಕಣ್ಣು ಕೇಳಿ, ಕಿತ್ತು ಕೊಡ್ತೀನಿ," ಎಂದರು ಸಾಹೇಬರು. "ಇವನನ್ನ ಮಾತ್ರ ಇಟ್ಕೊಳ್ಳಲ್ಲ."

ಸುಫ್ಯಾನ್ ಮನಸ್ಸಿನಲ್ಲೇ ದೇವರಿಗೆ ನಮಸ್ಕಾರ ಹಾಕಿದ. ಆದರೆ ಶೇಖರು ಬಿಡುವ ಕುಳವೇ? ಸಾಹೇಬರ ಅಜ್ಜನ ಔದಾರ್ಯ ತೆಗೆದರು, ಮುತ್ತಜ್ಜನ ಆತಿಥ್ಯ ತೆಗೆದರು, ಕೊನೆಗೆ ತಲೆವಸ್ತ್ರದ ಮೇಲೆ ಬಿಗಿದಿದ್ದ, ಗಂಡಸಿನ ಮಾನದ ಗುರುತಾದ ಕಪ್ಪು ಹುರಿಯನ್ನೇ ತೆಗೆದು ಬಟ್ಟಲಿನ ಪಕ್ಕದಲ್ಲಿಟ್ಟರು. ಬಿಳಿಗಡ್ಡದ ಹಿರಿಯ ತಲೆ ಬರಿದು ಮಾಡಿ ಕೂತರೆ ಯಾರಿಗೆ ತಾನೇ ತಡೆಯುತ್ತದೆ? ಸಾಹೇಬರು ಗಂಟಲು ಸರಿಪಡಿಸಿಕೊಂಡರು. ಅವರ ಕಣ್ಣು ಮೆತ್ತಗಾಗುತ್ತಿರುವುದು ಸುಫ್ಯಾನನಿಗೆ ಕಂಡಿತು.

ಮಗಳ ಮುಖ ಕಣ್ಣ ಮುಂದೆ ಬಂತು. ಹೆಂಡತಿಯ ಮುಖ ಬಂತು. ಉಳಿದದ್ದು ಒಂದೇ ದಾರಿ, ಅವಮಾನ. ಸರಕ್ಕನೆ ಬಟ್ಟಲನ್ನೆತ್ತಿ ಸುಫ್ಯಾನ್ ಒಂದೇ ಗುಟುಕಿಗೆ ಸುರಿದುಕೊಂಡ; ಸಾಲದೆಂದು ಸೊರ್‌ ಎಂದು ಸದ್ದನ್ನೂ ಮಾಡಿದ.

ಶೇಖರ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಹೊರಗೆ ಹಾಕಿ ಇವನನ್ನ, ಎನ್ನುವ ಮಾತಿಗಾಗಿ ಸುಫ್ಯಾನ್ ಕಣ್ಣು ಮುಚ್ಚಿ ಕಾದ.

"ನೋಡಿದ್ರಾ?" ಸಾಹೇಬರ ದನಿ ನಡುಗುತ್ತಿತ್ತು. "ನಾನು ಇನ್ನೂ ಮಾತೇ ಕೊಟ್ಟಿಲ್ಲ. ಆಗ್ಲೇ ಕುಡಿದುಬಿಟ್ಟ! ಅಬೂ ಘಾಲಿಬ್ ಇಲ್ಲ ಅನ್ನಲ್ಲ ಅಂತ ಅಷ್ಟು ನಂಬಿಕೆ! ನನ್ನ ಹೆತ್ತ ಮಕ್ಕಳೂ ನನ್ನ ಇಷ್ಟು ನಂಬಿಲ್ಲ, ಶೇಖ್." ಎದ್ದು ಬಂದು ಸುಫ್ಯಾನನನ್ನು ಎದೆಗೊತ್ತಿಕೊಂಡರು. "ಇಂಥವನನ್ನ ಕಳಿಸ್ತೀನಾ? ನಿಮ್ಮೆಲ್ಲರ ಮುಂದೆ ದೇವರಾಣೆ ಮಾಡ್ತೀನಿ. ನನ್ನ ಸೇವೆ ಇನ್ನೂ ಹನ್ನೊಂದು ವರ್ಷ ಇದೆ. ಅಲ್ಲೀವರೆಗೂ ಇವನು ಇರ್ಬಿದ್ ಬಿಟ್ಟು ಕದಲೋ ಹಾಗಿಲ್ಲ!"

ಹನ್ನೊಂದು ಜನ ಒಟ್ಟಿಗೆ ಬಟ್ಟಲೆತ್ತಿ ಕುಡಿದರು. ಸುಫ್ಯಾನನ ಕಣ್ಣಲ್ಲಿ ನೀರು ತುಂಬಿ ಹರಿಯಿತು. ಅದನ್ನು ಕಂಡು ಶೇಖರೂ ಕಣ್ಣೊರೆಸಿಕೊಂಡರು.

ಅಬೂ ಸನದ್ ಅವನ ತೊಡೆ ತಟ್ಟಿ ಕಿವಿಯಲ್ಲಿ ಹೇಳಿದ: "ಅಳಬೇಡ್ವೋ, ಮುಗೀತಲ್ಲ. ನಾವಿಲ್ದೇ ಹೋಗಿದ್ರೆ ಬರೋ ವಾರ ಆ ತಫೀಲಾದಲ್ಲಿ ಹೆಂಡ್ತಿ ಮಗಳ ಜೊತೆ ಬಿದ್ದಿರ್ತಿದ್ದೆ!"